ತೈವೊಗೆ ವಯಸ್ಸಾಯಿತು

ಇಸೆಯಿನ್ ಎಂಬ ನೇಕಾರರ ಊರಿನ ಹಳೆಯ ಫೋಟೊ ಸ್ಟುಡಿಯೊ ಮುಚ್ಚಿದಾಗ ಸಿಕ್ಕ ನಾನ್ನೂರು ನೆಗೆಟಿವ್‌ಗಳನ್ನು ಮೊರೆನಿಕೆ ಪಟಗಳಾಗಿ ಅಚ್ಚು ಹಾಕಿಸಿ, ಎರಡು ವರ್ಷದಿಂದ ಮನೆಮನೆಗೆ ಒಯ್ದು ತೋರಿಸುತ್ತಿದ್ದಳು. ಇವರು ಯಾರು, ಯಾಕೆ ಹೀಗೆ ಕುಳಿತರು, ಈ ಬಟ್ಟೆ ಯಾರದು ಎಂದು ಕೇಳಿ ಜನ ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು ಅವಳ ಸಂಶೋಧನೆ. ಬರೀ ಪ್ರಶ್ನೆ ಕೇಳಿದರೆ ಜನ ಕೆಮ್ಮುತ್ತಾರೆ. ಪಟ ಕೈಗೆ ಕೊಟ್ಟರೆ ಕುರ್ಚಿ ಎಳೆದು ಕೂರಿಸುತ್ತಾರೆ. ಇಷ್ಟನ್ನು ಅವಳು ಕಲಿತಿದ್ದಳು.

ಅವಳು ಕೆಹಿಂದೆ ಎಂಬ ಅಜ್ಜಿಯ ಅಂಗಳಕ್ಕೆ ಬಂದಾಗ ಅಜ್ಜಿ ಅಲಸಂದೆ ಆರಿಸುತ್ತಿದ್ದಳು. ಎಪ್ಪತ್ತೆರಡರ ಮುದುಕಿ. ಪಕ್ಕದಲ್ಲಿ ತಂಗಿ ಇದೊವು. ಅಕ್ಕನಿಗಿಂತ ಏಳು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ಹರಿತ. ಬಂದವಳ ಮುಖ ಬೆವರಿದ್ದನ್ನು ಕಂಡು ಇದೊವು ತಾನು ಕುಳಿತಿದ್ದ ನೆರಳಿನ ಜಾಗವನ್ನು ಬಿಟ್ಟುಕೊಟ್ಟು ಬಿಸಿಲಿಗೆ ಸರಿದಳು.

ಅಜ್ಜಿಯ ಕೈಗೆ ಕೊಟ್ಟ ಪಟದಲ್ಲಿ ಎಡಕ್ಕೆ ಫ್ರಾಕು ತೊಟ್ಟ ಹುಡುಗಿ, ಬಲಕ್ಕೆ ಟೊಪ್ಪಿಯಿಟ್ಟ ಹುಡುಗ. ಪಟದ ಬೆನ್ನಿಗೆ ಮೊರೆನಿಕೆ ‘ಅವಳಿ ಮಕ್ಕಳು, ಇಬ್ಬರು, ಸುಮಾರು ಆರು ವರ್ಷ’ ಎಂದು ಬರೆದಿದ್ದಳು.

ಅಜ್ಜಿ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. “ಕಾಲು ನೋಡಿದ್ಯಾ?” ಎಂದು ಕೇಳಿದಳು.

ಹುಡುಗಿಯ ಎಡಗಾಲಿನ ಹೆಬ್ಬೆರಳಿಗೆ ಬಟ್ಟೆಚೂರು ಸುತ್ತಿತ್ತು. ಹುಡುಗನ ಎಡಗಾಲಿನ ಹೆಬ್ಬೆರಳಿಗೂ ಅದೇ ಚೂರು, ಅದೇ ಗಂಟು. ಎರಡು ತಿಂಗಳು ಭೂತಗನ್ನಡಿ ಹಿಡಿದು ನೋಡಿದ್ದ ಪಟ. ಮೊರೆನಿಕೆಗೆ ಇದು ಕಂಡಿರಲಿಲ್ಲ.

“ಇಬ್ರೂ ನಾನೇ,” ಎಂದಳು ಅಜ್ಜಿ. “ಜೊತೆಗೆ ಹುಟ್ಟಿದ ತೈವೊ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಅವ್ವ ಮೊದ್ಲು ನನ್ನನ್ನ ನನ್ನ ಫ್ರಾಕಲ್ಲಿ ಕೂರಿಸಿದ್ಲು, ಆಮೇಲೆ ಅವನ ಅಂಗಿ ಟೊಪ್ಪಿ ಹಾಕಿ ಕೂರಿಸಿದ್ಲು. ಸ್ಟುಡಿಯೊದವನು ಎರಡನ್ನೂ ಜೋಡಿಸಿ ಕೊಟ್ಟ.”

ಅವಳಿಯಲ್ಲಿ ಒಂದು ಹೋದರೆ ಉಳಿದದ್ದೇ ಎರಡರ ಪಾಲಿಗೂ ಪಟಕ್ಕೆ ಕೂರುವ ವಾಡಿಕೆ ಮೊರೆನಿಕೆಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕಣ್ಣೆದುರು ಬಂದಾಗ ಗುರುತು ಹತ್ತಲಿಲ್ಲ. ನಾಚಿಕೆಯಿಂದ ಅವಳು ಬೆನ್ನಿಗೆ ಬರೆದದ್ದನ್ನು ಅಳಿಸಲು ಹೋದಳು. ಅಜ್ಜಿ ಅವಳ ಕೈ ಹಿಡಿದುಕೊಂಡಳು.

“ಅಳಿಸ್ಬೇಡ ಮಗಳೇ. ಇಬ್ರು ಅಂತ ಕಾಣ್ಲಿ ಅಂತಾನೇ ತೆಗೆಸಿದ್ದು. ನಿನಗೆ ಇಬ್ರು ಕಂಡ್ರಲ್ಲ, ಅವ್ವ ಗೆದ್ಲು.”

ಇದೊವು ನಕ್ಕಳು. ತೈವೊ ಹೋದ ಮರುವರ್ಷ ಹುಟ್ಟಿದವಳು ಅವಳು. ಅಣ್ಣನ ಮುಖ ಕಂಡವಳಲ್ಲ. “ಇವ್ಳು ದಿನಾ ಎರಡು ತಟ್ಟೆ ಅಲಸಂದೆ ಬಡಿಸ್ತಾಳೆ. ತಮ್ಮನ ಪಾಲು ಅಂತ ಅದನ್ನೂ ತಾನೇ ತಿಂತಾಳೆ. ನನಗೆ ಪಾತ್ರೆ ತಳ.”

ಅಜ್ಜಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ಕಣ್ಣಿನ ನರ ಒಣಗುತ್ತಿತ್ತು. ಬರುವ ವರ್ಷದ ಹೊತ್ತಿಗೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿದೀತು ಎಂದು ವೈದ್ಯರು ಹೇಳಿದ್ದರು. ಅದನ್ನು ಹೇಳಿಕೊಂಡು, ಕೇಳುವುದೋ ಬೇಡವೋ ಎಂಬಂತೆ ಕೇಳಿದಳು.

“ನಾನು ಮುದುಕಿಯಾದೆ. ಅವನಿನ್ನೂ ಮಗು. ಜೊತೆಗೆ ಹೊರಟವನು ಅಲ್ಲೇ ನಿಂತುಬಿಟ್ರೆ ಹೇಗೆ? ಕಣ್ಣು ಇರೋದ್ರೊಳಗೆ ಅವನಿಗೆ ವಯಸ್ಸಾಗಿದ್ದು ನೋಡ್ಬೇಕು. ನಿನ್ನ ಹತ್ರ ಕ್ಯಾಮೆರಾ ಇದೆಯಲ್ಲ.”

ಇದ್ದದ್ದನ್ನು ಬರೆದುಕೊ, ಇಲ್ಲದ್ದನ್ನು ಹುಟ್ಟಿಸಬೇಡ ಎಂದು ಮೊರೆನಿಕೆಗೆ ಗುರುಗಳು ಕಲಿಸಿದ್ದರು. ಇಲ್ಲದ್ದು ಯಾವುದು ಎಂದು ಅವರು ಹೇಳಿರಲಿಲ್ಲ. ನಾಳೆ ಬೆಳಗ್ಗೆ ಬೆಳಕು ಚೆನ್ನಾಗಿರುತ್ತದೆ, ಬರುತ್ತೇನೆ ಎಂದಳು.

ಬೆಳಗ್ಗೆ ಬಂದಾಗ ಗೋಡೆಗೆ ನೀಲಿ ಕೈಮಗ್ಗದ ಬಟ್ಟೆ ತೂಗುಬಿದ್ದಿತ್ತು. ತೀರಿಹೋದ ತನ್ನ ಗಂಡನ ನಿಲುವಂಗಿಯನ್ನು ಇದೊವು ಒಗೆದು, ಇಸ್ತ್ರಿ ಮಾಡಿ, ಮಡಿಕೆ ಕೆಡದಂತೆ ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಅಜ್ಜಿ ಮೊದಲು ತಾನಾಗಿ ಕುಳಿತಳು. ತಲೆವಸ್ತ್ರ, ಓಲೆ, ಮಡಿಲಲ್ಲಿ ಕೈ. ಆಮೇಲೆ ಒಳಗೆ ಹೋಗಿ ಓಲೆ ಬಿಚ್ಚಿಟ್ಟು ನಿಲುವಂಗಿ ತೊಟ್ಟು ಬಂದಳು.

ಇದೊವು ಟೊಪ್ಪಿ ಇಡಲು ಹೋಗಿ ಕೈ ತಡೆದಳು. “ಯಾವ ಕಡೆ ವಾಲಿಸ್ಲಿ? ಮದುವೆ ಆಗಿದೆಯಾ ಇವನಿಗೆ?”

ಅಜ್ಜಿ ಯೋಚಿಸಿದಳು. “ಆಗಿದೆ. ಹೆಂಡತಿ ನಿನ್ನ ಹಾಗೇ, ಬಾಯಿ ಜೋರು.”

ಟೊಪ್ಪಿ ಮದುವೆಯಾದವರು ವಾಲಿಸುವ ಕಡೆಗೆ ವಾಲಿತು. ಮೊರೆನಿಕೆ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಇಷ್ಟು ಹೊತ್ತು ಕೂಡಿಕೊಂಡಿದ್ದ ಮಂಡಿಗಳು ಅಗಲವಾದವು. ಒಂದು ಅಂಗೈ ತೊಡೆಯ ಮೇಲೆ ಭಾರವಾಗಿ ಕುಳಿತಿತು. ಗದ್ದ ಮೇಲೆದ್ದಿತು. ಕಿಂಡಿಯ ಆಚೆ ಒಬ್ಬ ಮುದುಕ ಕುಳಿತಿದ್ದ. ನೇಯ್ದು ನೇಯ್ದು ಬೆನ್ನು ಬಾಗಿದವನು, ಸಾಲದ್ದಕ್ಕೆ ಹೆಂಡತಿಯ ಬಾಯಿ ಕೇಳಿ ಕೇಳಿ ಒಳಗೊಳಗೇ ನಗಲು ಕಲಿತವನು. ಅವನು ಅವಳನ್ನೇ ನೋಡಿದ. ಅವಳು ಗುಂಡಿ ಒತ್ತುವುದನ್ನು ಮರೆತಳು. ಅವನು ಕಾದ. ಕೊನೆಗೆ ಅವಳು ಒತ್ತಿದಳು.

ಎರಡನ್ನೂ ಜೋಡಿಸಿ ನಾಲ್ಕನೆಯ ದಿನ ತಂದಳು. ಅಜ್ಜಿ ಬಿಸಿಲಿಗೆ ಬಂದು, ಪಟವನ್ನು ರೆಪ್ಪೆಗೆ ಒತ್ತಿ, ಬಲಗಡೆಯ ಮುಖವನ್ನು ಅಂಗುಲ ಅಂಗುಲವಾಗಿ ನೋಡಿದಳು. “ಹಲ್ಲು ನಿನಗೂ ಹೋಯ್ತಾ?” ಎಂದು ಅವನನ್ನು ಕೇಳಿದಳು. ಆಮೇಲೆ ತಂಗಿಯ ಕೈಗೆ ಕೊಟ್ಟಳು.

ಇದೊವು ಏನಾದರೂ ಚುಚ್ಚುತ್ತಾಳೆಂದು ಮೊರೆನಿಕೆ ಕಾದಳು. ಇದೊವು ನೋಡಿದಳು, ಉಟ್ಟದ್ದನ್ನು ಸರಿಪಡಿಸಿಕೊಂಡಳು. ಪಟವನ್ನು ಕುರ್ಚಿಯ ಮೇಲೆ ಒರಗಿಸಿಟ್ಟು, ಗೋಡೆಗೆ ಕೈ ಕೊಟ್ಟು, ಹಿರಿಯರೆದುರು ಹೆಣ್ಣುಮಕ್ಕಳು ಊರುವಂತೆ ಎರಡೂ ಮಂಡಿಯನ್ನು ನೆಲಕ್ಕೆ ಊರಿದಳು.

“ಅಣ್ಣಾ, ನಾನು ಇದೊವು,” ಎಂದಳು. “ನೀನು ಹೋದ್ಮೇಲೆ ಬಂದೋಳು. ಚೆನ್ನಾಗಿದ್ದೀಯಾ?”

ಮೊರೆನಿಕೆಗೆ ನಿಂತಿರಲು ಆಗಲಿಲ್ಲ. ಅವಳೂ ಮಣ್ಣಿಗೆ ಮಂಡಿಯೂರಿದಳು.

“ಚೆನ್ನಾಗಿದ್ದೀನಿ. ಏಳು ತಂಗಿ, ಮಂಡಿ ನೋಯುತ್ತೆ,” ಎಂದು ಉತ್ತರ ಬಂತು. ಹೇಳಿದ್ದು ಕೆಹಿಂದೆ ಅಜ್ಜಿಯೇ ಇರಬೇಕು.