ವಂಶವೃಕ್ಷದಲ್ಲಿಲ್ಲದ ಆಟಗಾರ

ಝುಬೈರನ ಮೂಗು ಮೂರು ಸಲ ಮುರಿದಿದೆ. ಎಡಗಿವಿ ಗೋಳಿಬಜೆಯ ಹಾಗೆ ಉಬ್ಬಿ ನಿಂತಿದೆ. ಆದರೆ ನಾವು, ಅವನ ಅಪ್ಪನ ಮನೆಯವರು, ಕೊಟ್ಟ ಪೆಟ್ಟಿನ ಮುಂದೆ ಅದೆಲ್ಲ ಯಾವ ಲೆಕ್ಕ?

ಅವನು ನನ್ನ ಸಣ್ಣಣ್ಣ ಮುಹಿಯುದ್ದೀನನ ಮಗ. ತಾಯಿ ಲಿಟಿಯಾ ಫಿಜಿ ದ್ವೀಪದವಳು, ಅಬುಧಾಬಿಯಲ್ಲಿ ನರ್ಸ್ ಆಗಿದ್ದವಳು. ಅಣ್ಣ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡಾಗ ಝುಬೈರನಿಗೆ ಆರು ವರ್ಷ. ಕೆಲವು ತಿಂಗಳ ನಂತರ ಲಿಟಿಯಾ ಮಗನನ್ನು ಕರೆದುಕೊಂಡು ಸಿಡ್ನಿಯಲ್ಲಿದ್ದ ತನ್ನ ತಮ್ಮನ ಹತ್ತಿರ ಹೋದಳು. ಅವರನ್ನು ಕಳಿಸಿಕೊಡಲು ನಮ್ಮಲ್ಲಿ ಒಬ್ಬರೂ ಏರ್‌ಪೋರ್ಟಿಗೆ ಹೋಗಲಿಲ್ಲ.

ಅಲ್ಲಿ ಹುಡುಗ ರಗ್ಬಿ ಲೀಗ್ ಆಡಲು ಹತ್ತಿದ. ಹತ್ತೊಂಬತ್ತಕ್ಕೇ ಸಂಬಳದ ಆಟಗಾರನಾದ. ಸಿಡ್ನಿಯಲ್ಲಿ ನಾಲ್ಕು ವರ್ಷ, ಆಮೇಲೆ ಉತ್ತರ ಇಂಗ್ಲೆಂಡಿನ ಕೆಸರು ಮೈದಾನಗಳಲ್ಲಿ ಹನ್ನೊಂದು ವರ್ಷ. ಅವನದ್ದು ಫಾರ್ವರ್ಡ್ ಕೆಲಸ. ಚೆಂಡನ್ನು ಎದೆಗೆ ಅವಚಿಕೊಂಡು ಎದುರಿಗಿರುವ ದಢೂತಿಗಳ ಸಾಲಿಗೆ ನೇರವಾಗಿ ನುಗ್ಗಬೇಕು, ಬೀಳಬೇಕು, ಎದ್ದು ಮತ್ತೆ ನುಗ್ಗಬೇಕು. ಆಗ ಆಗುವ ಸಂದಿಯಲ್ಲಿ ತೆಳ್ಳಗಿನವರು ಓಡಿಹೋಗಿ ಅಂಕ ಗಳಿಸುತ್ತಾರೆ, ಫೋಟೋ ಅವರದ್ದು ಬರುತ್ತದೆ. ಇನ್ನೂರ ಎಂಬತ್ತು ಪಂದ್ಯ ಆಡಿದ ಇವನು ತಾನೇ ಅಂಕದ ಗೆರೆ ದಾಟಿದ್ದು ಒಂಬತ್ತು ಸಲ.

ಈಗ ಮೂವತ್ತನಾಲ್ಕು. ಮಂಡಿಯ ಕತೆ ಮುಗಿದಿದೆ, ಇದೇ ಕೊನೆಯ ವರ್ಷ. ಶನಿವಾರ ದುಬೈಯಲ್ಲಿ ನಾಲ್ಕು ದೇಶಗಳ ಸಣ್ಣದೊಂದು ಟೂರ್ನಿ ಶುರು, ಅದರಲ್ಲಿ ಭಾರತದ ತಂಡವೂ ಉಂಟು. ಅಪ್ಪ ಹುಟ್ಟಿದ ದೇಶಕ್ಕಾಗಿಯೂ ಆಡಬಹುದು ಎನ್ನುವುದು ಆ ಆಟದ ನಿಯಮ. ಆದರೆ ಅಪ್ಪ ಅಲ್ಲೇ ಹುಟ್ಟಿದ್ದು ಎನ್ನುವುದಕ್ಕೆ ಕಾಗದ ಬೇಕು, ಗುರುವಾರದ ಒಳಗೆ.

"ಅಮ್ಮನ ದೇಶದ ಜೆರ್ಸಿ ಐದು ಸಲ ಹಾಕಿದ್ದೇನೆ ಆಂಟಿ," ಎಂದ ಅವನು ಇಂಗ್ಲಿಷಿನಲ್ಲಿ. "ಅಪ್ಪನದ್ದು ಒಂದು ಸಲ ಹಾಕಬೇಕು. ಒಂದೇ ಒಂದು ಸಲ."

ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಯ ಸೋಫಾ ಪೂರ್ತಿ ಅವನಿಗೇ ಬೇಕಾಗಿತ್ತು. ದುಬೈಯ ಈ ಬಡಾವಣೆಯಲ್ಲಿ ಬ್ಲಾಕುಗಳಿಗೆಲ್ಲ ದೇಶಗಳ ಹೆಸರು, ನಾವಿರುವುದು ಗ್ರೀಸ್ ಕ್ಲಸ್ಟರ್. ಇಪ್ಪತ್ತು ವರ್ಷದಿಂದ ಗ್ರೀಸಿನಲ್ಲಿದ್ದೇನೆ, ನನ್ನ ಅಪ್ಪ ಎಲ್ಲಿ ಹುಟ್ಟಿದ್ದು ಅಂತ ಒಬ್ಬನೂ ಕೇಳಿಲ್ಲ.

ದೊಡ್ಡಣ್ಣ ಅರ್ಶದನಿಗೆ ಫೋನ್ ಮಾಡಿದೆ. ಅಲ್ ಕೂಜ್‌ನಲ್ಲಿ ಅವನದ್ದು ನಲ್ಲಿ, ಪೈಪುಗಳ ಗೋದಾಮು. ಎರಡು ದಿನದ ಹಿಂದೆಯೇ ಊರಿನವರ ವಾಟ್ಸಾಪ್ ಗುಂಪಿಗೆ ಪೋಸ್ಟರ್ ಹಾಕಿದ್ದ: ಝುಬೈರನ ಚಿತ್ರ, ಕೆಳಗೆ "ನಮ್ಮ ಉಳ್ಳಾಲದ ಹುಲಿ", ಅದರ ಕೆಳಗೆ ಗೋದಾಮಿನ ಫೋನ್ ನಂಬರು. ಗೆದ್ದೆತ್ತಿನ ಬಾಲ ಹಿಡಿಯುವುದು ಎಂದರೆ ಇದೇ. ಇದೇ ಬಾಯಿ ಒಂದು ಕಾಲದಲ್ಲಿ ಲಿಟಿಯಾಳ ಗುಂಗುರು ಕೂದಲು ನೋಡಿ, "ಈ ಜಾತಿಯ ಮಕ್ಕಳನ್ನು ಮಸೀದಿಗೆ ಹೇಗೆ ಕರ್ಕೊಂಡು ಹೋಗುದು?" ಎಂದಿತ್ತು. ನನಗೆ ಮೈಯೆಲ್ಲ ಉರಿಯಿತು.

"ಕಾಗದವಾ?" ಎಂದ ಅರ್ಶದ್. "ಅದೆಲ್ಲ ಈಗ ಎಂತಕ್ಕೆ? ಆಡ್ಲಿಕ್ಕೆ ಆಗದಿದ್ರೆ ಬೇಡ. ಸ್ಟೇಜಲ್ಲಿ ಒಂದು ಶಾಲು ಹೊದೆಸುವ, ಫೋಟೋ ತೆಗೆಯುವ. ಖಲಾಸ್."

"ಪೋಸ್ಟರಲ್ಲಿ ನಮ್ಮವ, ಕಾಗದದಲ್ಲಿ ಅಲ್ವಾ?"

"ನಿನಗೆ ಗೊತ್ತುಂಟಲ್ಲ ಸಕೀನ, ಆ ಕಾಗದದಲ್ಲಿ ಎಂತ ಉಂಟು ಅಂತ," ಎಂದು ಫೋನ್ ಇಟ್ಟ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನೂ ಹೌದು. ಸಣ್ಣಣ್ಣ ಹುಟ್ಟಿದ್ದು ಮನೆಯಲ್ಲಿ, ಜನನ ಪತ್ರವಿಲ್ಲ. ಪಾಸ್‌ಪೋರ್ಟ್ ಅವನು ಸತ್ತಾಗಲೇ ರದ್ದಾಯಿತು. ಅವನ ಹೆಸರು, ಹುಟ್ಟಿದ ಊರು, ತಾರೀಖು ಎಲ್ಲ ಸೀಲಿನ ಸಮೇತ ಇರುವುದು ಒಂದೇ ಕಾಗದದಲ್ಲಿ: ಅವನು ತೀರಿದ ಮೇಲೆ ಊರಿನ ಜಾಗ ಪಾಲು ಮಾಡಲು ಮಾಡಿಸಿದ ವಂಶವೃಕ್ಷ. ಅದರ ಒಂದು ಪ್ರತಿ ನನ್ನ ಕಪಾಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಬಿದ್ದಿತ್ತು. ತಂದು ಮೇಜಿನ ಮೇಲೆ ಇಟ್ಟೆ.

ಝುಬೈರನಿಗೆ ಕನ್ನಡ ಓದಲು ಬಾರದು. ಆದರೂ ಮುರಿದು ಸೊಟ್ಟಗಾದ ಬೆರಳನ್ನು ಗೆರೆಗಳ ಮೇಲೆ ಓಡಿಸಿದ. ನಾನು ಅವನ ಅಪ್ಪನ ಹೆಸರು ತೋರಿಸಿದೆ. ಅದನ್ನು ಸವರಿ, ಮುಂದಿದ್ದ ಎರಡು ಪದಗಳ ಮೇಲೆ ಬೆರಳಿಟ್ಟ. "ಇದೇನು?"

"ಅವಿವಾಹಿತ. ಸಂತಾನವಿಲ್ಲ," ಎಂದು ಓದಿದೆ. ಆಮೇಲೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದೆ. ಮದುವೆಯಾಗಿರಲಿಲ್ಲ, ಮಕ್ಕಳಿಲ್ಲ.

ಅವನು ಬೆರಳು ತೆಗೆಯದೆ ಕೇಳಿದ, "ಇದನ್ನು ಹೇಳಿದ್ದು ಯಾರು?"

ಕೆಳಗಿನ ಎರಡು ಸಹಿ ತೋರಿಸಿದೆ. ಒಂದು ಅರ್ಶದನದ್ದು, ಒಂದು ನನ್ನದು. ಮಗನಿದ್ದಾನೆ ಎಂದರೆ ಸಣ್ಣಣ್ಣನ ಜಾಗದಲ್ಲಿ ನಮಗೆ ಪಾಲಿಲ್ಲ. ಇಲ್ಲ ಎಂದರೆ ಉಂಟು. ಆ ಪಾಲಿನಲ್ಲಿ ನಾನು ದೇರಳಕಟ್ಟೆಯಲ್ಲಿ ಮನೆ ಕಟ್ಟಿಸಿದೆ. ಅರ್ಶದ್ ಸಹಿಗೆ ಕಾಗದ ತಂದ ದಿನ ಲಿಟಿಯಾ ಅಬುಧಾಬಿಯ ತನ್ನ ಫ್ಲಾಟಿನ ಒಳಕೋಣೆಯಲ್ಲಿ, ಗಂಡ ತೀರಿದ ಹೆಂಗಸು ಕೂರುವ ಇದ್ದತ್‌ನಲ್ಲಿ ಕೂತಿದ್ದಳು. ಹೊರಗೆ ನಾವು ಅವಳಿಗೆ ಮದುವೆಯೇ ಆಗಿಲ್ಲ ಎಂದು ಬರೆದುಕೊಂಡೆವು. ಇಷ್ಟು ಹೊತ್ತು ಅರ್ಶದನಿಗೆ ಬೈದೆನಲ್ಲ, ಅದರಲ್ಲಿ ಅರ್ಧ ನನಗೆ ಸೇರಬೇಕು.

ಝುಬೈರ್ ಎದ್ದು ನಿಂತ. ಹೊರಟೇಹೋಗುತ್ತಾನೆ ಎಂದುಕೊಂಡೆ. "ಈ ಕಾಗದ ನನಗೆ ಉಪಯೋಗವಿಲ್ಲ," ಎಂದ. ಧ್ವನಿ ಎತ್ತಲಿಲ್ಲ, ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕೂತ್ಕೋ," ಎಂದೆ. "ಅಪ್ಪನ ಒಡಹುಟ್ಟಿದವರು ಪ್ರಮಾಣಪತ್ರ ಕೊಟ್ರೆ ಆಗ್ತದಾ ಕೇಳು."

ಅವನು ತಂಡದ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದ. ಆಗುತ್ತದಂತೆ.

ಬುಧವಾರ ಬೆಳಿಗ್ಗೆ ಇಬ್ಬರೂ ಟೈಪಿಂಗ್ ಸೆಂಟರಿಗೆ ಹೋದೆವು. ಹಿಂದಿನ ರಾತ್ರಿಯೇ ಅರ್ಶದನಿಗೆ ಮೆಸೇಜ್ ಹಾಕಿದ್ದೆ. ದಾರಿಯಲ್ಲಿ ಅವನ ಫೋನು. "ಹುಚ್ಚಾ ನಿನಗೆ? ಸುಳ್ಳು ಹೇಳಿದ್ದೆ ಅಂತ ನೀನೇ ಬರೆದುಕೊಟ್ರೆ ಕೇಸಾಗ್ತದೆ. ಕಟ್ಟಿದ ಮನೆ ಹೋಗ್ತದೆ."

"ಹೋಗ್ಲಿ. ಯಾರ ಜಾಗದಲ್ಲಿ ಕಟ್ಟಿದ್ದು ಅದು?" ಎಂದು ಕಟ್ ಮಾಡಿದೆ.

ಟೈಪಿಂಗ್ ಸೆಂಟರಿನ ಸುಜಿತ್ ಕಾರ್ಕಳದವನು. ದಿನಕ್ಕೆ ನೂರು ಅರ್ಜಿ ಹೊಡೆಯುವ ಕೈ. ನಾನು ಹೇಳುತ್ತಾ ಹೋದೆ, ಅವನು ಇಂಗ್ಲಿಷಿನಲ್ಲಿ ಹೊಡೆಯುತ್ತಾ ಹೋದ. ಮುಹಿಯುದ್ದೀನ್ ನನ್ನ ಅಣ್ಣ, ಉಳ್ಳಾಲದಲ್ಲಿ ಹುಟ್ಟಿದವನು. ಲಿಟಿಯಾ ಅವನ ಹೆಂಡತಿ. ಝುಬೈರ್ ಅವರ ಮಗ. ಹಿಂದಿನ ವಂಶವೃಕ್ಷದಲ್ಲಿ ನಾನು ಹೇಳಿದ್ದು ತಪ್ಪು.

ಸುಜಿತ್ ತಲೆಯೆತ್ತಿ ಮೆಲ್ಲ ಹೇಳಿದ, "ಅಕ್ಕ, ಇದಕ್ಕೆ 'ಕಣ್ತಪ್ಪಿನಿಂದ' ಅಂತ ಸೇರಿಸ್ತೇನೆ. ಎಲ್ಲರೂ ಹಾಗೇ ಹಾಕಿಸುದು. ನಿಮಗೆ ತೊಂದ್ರೆ ಬರುದಿಲ್ಲ."

ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಝುಬೈರ್ ಉಸಿರು ಬಿಗಿಹಿಡಿದು ಕೂತಿದ್ದ, ಎಲ್ಲಿ ಕುರ್ಚಿ ಮುರಿಯುತ್ತದೋ ಎಂದು. ಆರು ವರ್ಷದವನಿದ್ದಾಗ ಅವನು ಎಷ್ಟು ಹಗುರವಿದ್ದ ಎಂದು ನನಗೆ ಗೊತ್ತು.

"ಬೇಡ ಸುಜಿತ್, ಅದನ್ನು ತೆಗಿ," ಎಂದೆ. "ಕಣ್ತಪ್ಪು ಅಲ್ಲ. ನಾನು ಸಹಿ ಹಾಕುವಾಗ ಇವ ನನ್ನ ಮಡಿಲಲ್ಲಿ ಮಲಗಿದ್ದ. ಹಾಗೇ ಬರಿ."