ಅಮ್ಮಿಯನ್ನು ಕೇಳಲು ಬಂದವರು

ಇನ್ನೂ ಕುರ್ಚಿ ತರುತ್ತಿದ್ದಾರೆ, ಪ್ಲಾಸ್ಟಿಕ್ ಕಾಲುಗಳು ನೆಲಕ್ಕೆ ಉಜ್ಜಿ ಕಿರ್ರೆನ್ನುವ ಸದ್ದು, ಒಂದರ ಹಿಂದೆ ಒಂದು, ಕಪ್ಪು ಪರದೆಯ ಈಚೆ ಕಾಫಿಬೀಜದ ಮೂಟೆಗಳ ನಡುವೆ ನಿಂತ ಸುಮೈರಾಳ ಹಲ್ಲಿನ ಬೇರಿಗೇ ತಾಗುವಂತೆ, ಸಾಕು, ಇನ್ನು ಯಾರೂ ಬರುವುದು ಬೇಡ ಎಂದು ಒಂದು ಮನಸ್ಸು, ಬರಲಿ, ಬಾಗಿಲ ತನಕ ತುಂಬಲಿ ಎಂದು ಇನ್ನೊಂದು — ಇಂದಿರಾನಗರದ ಈ ಕಾಫಿ ಅಂಗಡಿಯ ಮಹಡಿಯಲ್ಲಿ ಅವಳು ಮೊದಲ ಸಲ ಮೈಕು ಹಿಡಿದ ಸಂಜೆ ಎದುರಿಗಿದ್ದವರೆಲ್ಲ ತಮ್ಮ ಸರದಿಗೆ ಕಾಯುತ್ತಿದ್ದ ಕಾಮಿಡಿಯವರೇ, ಅವರು ನಗುವ ಜನ ಅಲ್ಲ, ತಮ್ಮ ಜೋಕನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತ ಗೋಡೆ ನೋಡುತ್ತಾರೆ, ಇವತ್ತು ಬಂದವರು ಟಿಕೆಟ್ಟು ತೆಗೆದುಕೊಂಡು ಬಂದವರು, ಅವಳೊಬ್ಬಳಿಗಾಗಿ ಬಂದವರು, ಅಲ್ಲ, ಅವಳಿಗಾಗಿ ಅಲ್ಲ, ಕೆಳಗೆ ಮೆಟ್ಟಿಲ ಹತ್ತಿರ ಅಂಟಿಸಿದ ಪೋಸ್ಟರಿನಲ್ಲಿ ಅವಳ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆದಿದೆಯಲ್ಲ, ಅಮ್ಮಿ ಹೀಗಂದ್ರು, ಎಂದು, ಬರೆಸಿದವನು ಶಿವಪುತ್ರ, ಅವಳ ವಿಡಿಯೊ ತೆಗೆದು ಕತ್ತರಿಸಿ ಹಾಕುವವನು, ಕಲಬುರಗಿಯಿಂದ ಬಂದು ಮರ್ಫಿ ಟೌನಿನ ಬಾಡಿಗೆ ಕೋಣೆಯಲ್ಲಿ ಇರುವವನು, ಈಗ ಪರದೆ ಸರಿಸಿ ತಲೆ ಹಾಕಿ, ನಿಲ್ಲಾಕ್ ಜಾಗ ಇಲ್ರೀ ಮೇಡಂ, ಮಂದಿ ಅಮ್ಮಿನ್ನ ಕೇಳ್ಲಾಕ ಬಂದಾರ, ಎಂದು ಹಲ್ಲು ಬಿಟ್ಟು ಹೋದ, ಅವಳನ್ನು ಹೆತ್ತ ಅಮ್ಮಿ ಮನೆಯಲ್ಲಿ ಮಂಚದ ಅಂಚಿಗೆ ಕೂತಿದ್ದಾಳೆ, ತಾನು ಹೊರಡುವಾಗ ಬುರ್ಖಾ ಕೂಡ ತೆಗೆದಿರಲಿಲ್ಲ, ಡಾಕ್ಟರ್ ಏನೆಂದರೋ.

ಏನೆಂದರೋ, ಈಗ ಅದನ್ನು ಯೋಚಿಸಬಾರದು, ಮೊದಲ ಸಾಲು ನೆನಪು ಮಾಡಿಕೋ, ಕನ್ನಡಕದ ಅಂಗಡಿಯ ಜೋಕು, ಹಗಲೆಲ್ಲ ಶಿವಾಜಿನಗರದ ಆ ಅಂಗಡಿಯಲ್ಲಿ ಕೂತು ಈ ಅಕ್ಷರ ಕಾಣುತ್ತಾ, ಈ ಅಕ್ಷರ ಎಂದು ಕೇಳುವ ಹುಡುಗಿ ಸಂಜೆಗೆ ಸ್ಟೇಜು ಹತ್ತುತ್ತಾಳೆ ಎಂದು ಶುರುಮಾಡುತ್ತಿದ್ದಳು, ಅದಕ್ಕೆ ಯಾರೂ ನಗುತ್ತಿರಲಿಲ್ಲ, ಟ್ರಾಫಿಕ್ಕಿನ ಮೇಲೆ ಹೇಳಿದಳು, ಪಿ.ಜಿ. ಊಟದ ಮೇಲೆ ಹೇಳಿದಳು, ಹಾಕಿದ ವಿಡಿಯೊಗಳನ್ನು ಅವಳೂ ಶಿವಪುತ್ರನೂ ಬಿಟ್ಟರೆ ಯಾರು ನೋಡಿದರೋ, ಆಮೇಲೆ ಒಂದು ದಿನ ಬಾಯಿ ಜಾರಿ ಬಂದಂತೆ ಅಮ್ಮಿ ಬಂದಳು, ರಸೆಲ್ ಮಾರುಕಟ್ಟೆಯಲ್ಲಿ ಹೂವಿನವಳ ಹತ್ತಿರ ತಮಿಳಿನಲ್ಲಿ ಚೌಕಾಸಿ, ಟೊಮೆಟೊದವನ ಹತ್ತಿರ ಕನ್ನಡದಲ್ಲಿ ಜಗಳ, ಮನೆಗೆ ಬಂದು ಕೆಟ್ಟ ಮಿಕ್ಸಿಯ ಹತ್ತಿರ ದಖನಿಯಲ್ಲಿ ಕಷ್ಟಸುಖ, ಕೈಕು ರೂಠೀ ಮಾ, ಯಾಕಮ್ಮಾ ಮುನಿಸು, ಎಂದು ಮಿಕ್ಸಿಯ ತಲೆ ಸವರುವ ಅಮ್ಮಿ, ಆವತ್ತು ಮೊದಲ ಬಾರಿಗೆ ನಗು ಕತ್ತಲೆಯಿಂದ ಎದ್ದು ಬಂದು ಅವಳ ಎದೆಗೆ ಬಡಿಯಿತು, ಮಳೆಗಾಲದ ಗಾಳಿ ಕಿಟಕಿ ತಳ್ಳಿದ ಹಾಗೆ, ಆ ರಾತ್ರಿ ನಿದ್ದೆ ಬರಲಿಲ್ಲ, ಪಕ್ಕದಲ್ಲಿ ಅಮ್ಮಿ ನಿದ್ದೆಯಲ್ಲಿ ಏನೋ ಗೊಣಗಿದರೆ ಕಿವಿ ನಿಮಿರುತ್ತಿತ್ತು. ಆಮೇಲೆ ಸ್ಕ್ಯಾನ್ ಸೆಂಟರು. ಹೊಟ್ಟೆನೋವೆಂದು ಕರೆದುಕೊಂಡು ಹೋಗಿದ್ದಳು, ಮಲಗಿಸಿದವನು ಉಸಿರು ಎಳ್ಕೊಳಿ, ಹಿಡ್ಕೊಳಿ ಎಂದ, ಅಷ್ಟರಲ್ಲಿ ಅವನಿಗೆ ಫೋನು ಬಂತು, ಅವನು ಆ ಕಡೆ ತಿರುಗಿ ಯಾವುದೋ ಸೈಟಿನ ವಿಷಯ ಮಾತಾಡುತ್ತ ನಿಂತ, ಅಮ್ಮಿ ಹಿಡಿದೇ ಇದ್ದಳು, ಕೆನ್ನೆ ಉಬ್ಬಿ, ಕಣ್ಣು ಕೆಂಪಾಗಿ, ಕೊನೆಗೆ ಕೈಚಾಚಿ ಅವನ ಮೊಣಕೈ ತಟ್ಟಿ ತನ್ನ ಬಾಯಿ ತೋರಿಸಿ ಸನ್ನೆಯಲ್ಲೇ ಅಪ್ಪಣೆ ಕೇಳಿದಳು, ಬಿಡಲಾ. ನೀನೇ ಬಿಡ್ಬಹುದಿತ್ತಲ್ಲಮ್ಮೀ ಎಂದರೆ, ಅದೆಂಗೆ ಬೇಟಿ, ಇಸ್ಕ್ಯಾನ್‌ನವ್ರು ಹೇಳ್ದೆ ನಾವಾಗೇ ಹೆಂಗ್ ಬಿಡೋದು. ಇಷ್ಟು ನಡೆದದ್ದು. ಮಿಕ್ಕಿದ್ದನ್ನು ಸುಮೈರಾ ಸೇರಿಸಿದಳು, ಕೊನೆಯ ಸಾಲು ಅವಳದೇ, ಮದುವೆ ದಿನ ಯಾರೋ ಹಿಡ್ಕೊಳಿ ಅಂದ್ರಂತೆ, ಬಿಡಿ ಅನ್ನೋಕೆ ಇವತ್ತಿಗೂ ಯಾರೂ ಬಂದಿಲ್ಲ — ಶಿವಪುತ್ರ ಅದನ್ನು ಹಾಕಿದ, ಬೆಳಗ್ಗೆ ಎದ್ದರೆ ಫೋನು ಬಿಸಿಯಾಗಿತ್ತು, ಯಾರೋ ದುಬೈಯಿಂದ ನಮ್ಮ ಅಮ್ಮಿಯೂ ಹೀಗೇ ಎಂದು ಬರೆದಿದ್ದರು, ಯಾರೋ ದಾವಣಗೆರೆಯಿಂದ ಕೊನೇ ಸಾಲಿಗೆ ಅತ್ತುಬಿಟ್ಟೆವು ಎಂದು ಬರೆದಿದ್ದರು, ಎಲ್ಲರೂ ಇನ್ನೊಂದು ಹಾಕಿ, ಇನ್ನೊಂದು, ಬುಧವಾರ ಬುಧವಾರ ಅಮ್ಮಿ ಹಾಕ್ರಿ ಮೇಡಂ, ಅಮ್ಮಿ ಇದ್ರೇನೇ ಮಂದಿ ನೋಡ್ತಾರ, ನಿಮ್ಮ ಕನ್ನಡಕ ಯಾರಿಗ್ ಬೇಕಾಗ್ಯದ, ಎಂದ ಶಿವಪುತ್ರ.

ಅಮ್ಮಿಗೆ ಗೊತ್ತಿರಲಿಲ್ಲ, ಮಗಳು ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಾಳೆ ಎಂದುಕೊಂಡಿದ್ದಳು, ಗೊತ್ತಾಗಲಿ ಎಂದು ಸುಮೈರಾಳೂ ಒಳಗೊಳಗೇ ಬಯಸಿದ್ದಳೇನೋ, ಒಂದು ದಿನ ಅಮ್ಮಿಯೂ ಮುಂದಿನ ಸಾಲಿನಲ್ಲಿ ಕೂತು ಸೆರಗು ಬಾಯಿಗಿಟ್ಟು ನಗುತ್ತಾಳೆ ಎಂದು, ಆದರೆ ತೋರಿಸಿದವಳು ಪಕ್ಕದ ಮನೆಯ ಹಮೀದಾ ಖಾಲಾ, ಬಟ್ಟಲು ಹಿಡಿದು ಸಕ್ಕರೆ ಕೇಳಲು ಬಂದವಳು, ಏ ಶಂಶುನ್, ನಿನ್ ಮಗಳು ಫೋನಲ್ಲಿ ಬಂದವ್ಳೆ ನೋಡು, ಎಂದು ಕೈಗೇ ಕೊಟ್ಟಳು. ಅಮ್ಮಿ ಪೂರ್ತಿ ನೋಡಿದಳು. ಇನ್ನೊಂದು ಸಲ ಹಾಕು ಎಂದಳು. ಬೈಯುತ್ತಾಳೆ ಎಂದು ಬಾಗಿಲ ಹತ್ತಿರ ಚಪ್ಪಲಿ ಕೂಡ ಬಿಡದೆ ನಿಂತಿದ್ದಾಳೆ ಸುಮೈರಾ, ಬೈದಿದ್ದರೆ ಆಗಿಹೋಗುತ್ತಿತ್ತು. ನಗ್ತಾ ಇರೋರಿಗೆ ನಾನು ಗೊತ್ತಾ. ಇಲ್ಲಮ್ಮೀ. ನನ್ನ ಹೆಸರು ಹೇಳ್ದೆಯಾ. ಇಲ್ಲ, ಸುಮ್ನೆ ಅಮ್ಮಿ ಅಂತ ಅಷ್ಟೆ. ಅಮ್ಮಿ ಗೋಡೆ ನೋಡಿದಳು, ಅದೇ ಅಲ್ವಾ ನನ್ನ ಹೆಸರು, ಶಂಶುನ್ನೀಸಾ ಅಂತ ಈ ಮನೇಲಿ ಯಾರು ಕರೀತಾರೆ, ಎಂದಳು, ಒಲೆಯ ಮೇಲಿದ್ದ ಹಾಲು ಇಳಿಸಲು ಎದ್ದುಹೋದಳು. ಅಲ್ಲಿಗೆ ಮುಗಿಯಿತು, ಮಾತು ಮುಗಿಯಿತು. ಊಟ ಇದೆ. ನೀರು ಬಂತು. ಹುಷಾರಾಗಿ ಹೋಗು. ಮಿಕ್ಸಿ ಕೆಟ್ಟರೆ ಮಿಕ್ಸಿ ಕೆಟ್ಟಿದೆ ಎಂದಷ್ಟೇ, ಅದರ ತಲೆ ಸವರುವುದಿಲ್ಲ, ಯಾರ ಮನೆಯ ಮದುವೆಯಲ್ಲಿ ಬಿರಿಯಾನಿ ಹಸಿಯಾಗಿತ್ತು, ಯಾವ ಸೊಸೆ ತವರಿಗೆ ಹೋದಳು ಒಂದೂ ಇಲ್ಲ, ಮನೆಯಲ್ಲಿ ಫ್ಯಾನಿನ ಸದ್ದು ಕೇಳಲು ಶುರುವಾದದ್ದು ಆಗಲೇ, ಅಷ್ಟು ವರ್ಷ ಆ ಫ್ಯಾನು ಸದ್ದು ಮಾಡುತ್ತದೆಂದೇ ಅವಳಿಗೆ ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಅಡುಗೆಮನೆಯಿಂದ ಸಣ್ಣ ಸ್ವರ, ಸ್, ಸ್, ಕುಕ್ಕರ್ರಿನದು ಎಂದುಕೊಂಡಳು, ಅಲ್ಲ, ಸ್ಕ್ಯಾನ್, ಅಮ್ಮಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ, ಸ್ಕ್ಯಾನ್, ಸ್ಕೂಲ್, ಸ್ಟೇಷನ್, ಪದದ ಮೊದಲಿಗೆ ಬರುತ್ತಿದ್ದ ಇ ಅಕ್ಷರವನ್ನು ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ಬಿಸಾಡುತ್ತಿದ್ದಾಳೆ, ಸುಮೈರಾ ಹೆಜ್ಜೆ ಸದ್ದಾಗದಂತೆ ಹಿಂದಕ್ಕೆ ಬಂದು ಚಾಪೆಯ ಮೇಲೆ ಕೂತಳು, ಮತ್ತೆ ಅದೇ ವಾರ, ಹಾಕಲು ಏನೂ ಇಲ್ಲದ ವಾರ, ಮೆಟ್ಟಿಲ ಮೇಲೆ ಅಮ್ಮಿ ಹಮೀದಾ ಖಾಲಾಳೊಡನೆ ಹಳೆಯ ಅಮ್ಮಿಯಂತೆ ಮಾತಾಡುತ್ತಿದ್ದಾಗ ಬಾಗಿಲ ಹಿಂದೆ ನಿಂತು ಫೋನಿನಲ್ಲಿ ರೆಕಾರ್ಡ್ ಒತ್ತಿದವಳೂ ಅವಳೇ, ಚಿಲಕ ತೆಗೆದು ಒಳಬಂದ ಅಮ್ಮಿಯ ಕಣ್ಣಿಗೆ ಮಗಳ ಕೈಯ ಫೋನಿನಲ್ಲಿ ಆ ಕೆಂಪು ಚುಕ್ಕಿ ಬಿತ್ತು, ಅಮ್ಮಿ ಅಡ್ಡ ನಿಂತವರನ್ನು ದಾಟುವಂತೆ ದಾಟಿ ಹೋದಳು.

ಇವತ್ತು ಇನ್ನೊಂದು ಸ್ಕ್ಯಾನು, ನಾನೇ ಬರ್ತೀನಿ ಎಂದಿದ್ದಳು ಸುಮೈರಾ, ಮೈಕು ಪರೀಕ್ಷೆಗೆ ಬನ್ನಿ ಎಂದು ಶಿವಪುತ್ರ ಕರೆದ, ಪರ್ವಾ ನಹೀ, ಹಮೀದಾ ಇದ್ದಾಳೆ ಎಂದಳು ಅಮ್ಮಿ, ಸುಮೈರಾ ಬಟ್ಟೆ ಬದಲಿಸಲು ಮನೆಗೆ ಬಂದಾಗ ಇಬ್ಬರೂ ಬಂದಾಗಿತ್ತು, ಹಮೀದಾ ಖಾಲಾ ನೀರಿನ ಲೋಟ ಹಿಡಿದು ನಿಂತಿದ್ದಳು, ಮಂಚದ ಅಂಚಿಗೆ ಅಮ್ಮಿ. ಡಾಕ್ಟರ್ ಏನಂದ್ರು ಅಮ್ಮೀ. ಅಮ್ಮಿಯ ತುಟಿ ಬಿಚ್ಚಿತು, ಹೇಳುವವಳೇ ಇದ್ದಳು, ಹೇಳಲು ಅವಳಿಗೂ ಯಾರಾದರೂ ಬೇಕಿತ್ತಲ್ಲ, ಕಣ್ಣು ಮಗಳ ಕೈಯಲ್ಲಿದ್ದ ಫೋನಿಗೆ ಇಳಿಯಿತು, ತುಟಿ ಮುಚ್ಚಿತು, ಏನೂ ಇಲ್ಲ ಅಂದ್ರು, ಹೊರಡು, ಲೇಟಾಗುತ್ತೆ. ಸುಮೈರಾ ಹಮೀದಾ ಖಾಲಾಳನ್ನು ಮೆಟ್ಟಿಲಿಗೆ ಎಳೆದೊಯ್ದಳು, ನೀವಾದ್ರೂ ಹೇಳಿ. ನಾನ್ ಹೇಳಲ್ಲ ಬೇಟಿ, ಆಣೆ ಹಾಕ್ಸವ್ಳೆ, ಅವಳನ್ನೇ ಕೇಳು, ಆ ಫೋನ್ ಅತ್ಲಾಗಿಟ್ಟು ಕೇಳು. ಇಟ್ಟಳು, ಅಡುಗೆಮನೆಯ ಕಟ್ಟೆಯ ಮೇಲೆ ಬೋರಲಾಗಿ ಇಟ್ಟು ಬಂದು ಅಮ್ಮಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ಅಂಗೈಯನ್ನೂ ಬಿಚ್ಚಿ ತೋರಿಸಿದಳು, ನೋಡಮ್ಮೀ, ಇಲ್ಲ, ಏನೂ ಇಲ್ಲ, ಈಗ ಹೇಳು — ಅಮ್ಮಿ ಖಾಲಿ ಅಂಗೈಗಳನ್ನು ನೋಡಿದಳು, ಒಂದನ್ನು, ಇನ್ನೊಂದನ್ನು, ಆಮೇಲೆ ಕಣ್ಣು ಮೆಲ್ಲನೆ ಮೇಲೇರಿ ಸುಮೈರಾಳ ಬಾಯಿಯ ಮೇಲೆ ನಿಂತಿತು. ಸಿಟ್ಟಿಲ್ಲ. ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ನೋಡುವ ಕಣ್ಣು. ಅಲ್ಲೇ ಕೂತಿರಬೇಕಿತ್ತು, ಕಾರ್ಯಕ್ರಮ ಹಾಳಾಗಲಿ, ಅಮ್ಮಿಯ ಕಾಲ ಬುಡದಲ್ಲಿ ಕೂತಿರಬೇಕಿತ್ತು, ಎದ್ದಳು, ಆಟೊ ಹತ್ತಿದಳು, ಹಲಸೂರು ಕೆರೆಯ ತಿರುವಿನಲ್ಲಿ ಗಾಡಿಗಳು ನಿಂತಲ್ಲೇ ನಿಂತು ಹೊಗೆ ಬಿಡುತ್ತಿರುವಾಗ ಅವಳ ನಾಲಿಗೆ ತನ್ನ ಪಾಡಿಗೆ ತಾನು ಅಳತೆ ಹಾಕುತ್ತಿತ್ತು, ಡಾಕ್ಟರ್ ಏನಂದ್ರು, ಇಲ್ಲಿ ಸ್ವಲ್ಪ ನಿಲ್ಲಿಸಬೇಕು, ಏನೂ ಇಲ್ಲ ಅಂದ್ರು, ಇಲ್ಲಿ ಅಮ್ಮಿಯ ಸ್ವರ ತರಬೇಕು, ಅದಾದ ಮೇಲೆ ಅವಳಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿಯಿತು, ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು, ಆಟೊದವನು ಕನ್ನಡಿಯಲ್ಲಿ ನೋಡಿ, ಹೊಗೆನಾ ಮೇಡಂ, ಎಂದ, ಹೌದು ಎಂದಳು.

ಹೆಸರು ಕರೆದರು, ಪರದೆ ಸರಿಯಿತು, ಬೆಳಕು ನೇರ ಕಣ್ಣಿಗೆ, ಚಪ್ಪಾಳೆ, ಮುಖಗಳಿಲ್ಲ, ಮುಂದಿನ ಸಾಲಿನ ಮೊಣಕಾಲುಗಳು ಮಾತ್ರ, ಕನ್ನಡಕದಿಂದ ಶುರುಮಾಡುತ್ತಾಳೆ, ಇವತ್ತು ಅಮ್ಮಿ ಬೇಡ, ಕನ್ನಡಕ ಸಾಕು, ಟ್ರಾಫಿಕ್ಕು ಸಾಕು, ನಗುತ್ತಾರೆ, ಹೋದ ಮನೆಯಲ್ಲಿ ಕೊಟ್ಟ ತಣ್ಣನೆಯ ಚಹಾವನ್ನು ಮರ್ಯಾದೆಗೆ ಕುಡಿದಂತೆ ನಗುತ್ತಾರೆ, ಒಬ್ಬರು ಕೆಮ್ಮಿದರು, ಕುರ್ಚಿ ಕಿರ್ರೆಂದಿತು, ಹಿಂದಿನಿಂದ ಯಾರೋ ಅಮ್ಮಿ ಎಂದರು, ಇನ್ನೊಬ್ಬರು, ಇಸ್ಕ್ಯಾನ್ ಹಾಕು ಗುರು, ಎಂದರು, ಕೂಗಿದವರ ದನಿಯಲ್ಲಿ ಪ್ರೀತಿಯೇ ಇತ್ತು, ಬರಿಯ ಪ್ರೀತಿ, ಕ್ಯಾಮೆರಾದ ಹಿಂದೆ ಶಿವಪುತ್ರ ಕೈಯಾಡಿಸುತ್ತಿದ್ದಾನೆ, ಹಾಕ್ರಿ, ಹಾಕ್ರಿ, ಅವಳ ಬಾಯಿ ಹೇಳಲು ಶುರುಮಾಡಿಯೇಬಿಟ್ಟಿತು, ನಮ್ಮಮ್ಮೀನ ಸ್ಕ್ಯಾನಿಗೆ ಕರ್ಕೊಂಡ್ ಹೋಗಿದ್ದೆ, ಅಷ್ಟಕ್ಕೇ ನಗು, ಕತ್ತಲೆಯಿಂದ ಎದ್ದು ಬಂತು, ಎದೆಗೆ ಬಡಿಯಿತು, ಒಳ್ಳೆಯದೇ ಅನ್ನಿಸಿತು, ಅದು ಈಗಲೂ ಒಳ್ಳೆಯದೇ ಅನ್ನಿಸುತ್ತದಲ್ಲ, ಉಸಿರು ಎಳ್ಕೊಳಿ, ಹಿಡ್ಕೊಳಿ, ಎಂದಳು, ಎಳೆದುಕೊಂಡಳು, ಹಿಡಿದಳು, ಕೆನ್ನೆ ಉಬ್ಬಿಸಿ ಮೇಲೆ ನೋಡುತ್ತ ನಿಂತಳು, ನಗು ಏರಿತು, ಚಪ್ಪಾಳೆ ಬಿತ್ತು, ಇನ್ನೂ ಏರಿತು, ಇಲ್ಲಿ ಬಿಡಬೇಕು, ಬಿಟ್ಟು ಮೊಣಕೈ ತಟ್ಟುವ ಸನ್ನೆ ಮಾಡಬೇಕು, ಆಮೇಲೆ ಮದುವೆಯ ಸಾಲು, ಬಿಡಲಿಲ್ಲ, ಬಾಯಿ ತೆರೆದರೆ ಮದುವೆಯ ಸಾಲು ಬರುತ್ತದೋ, ಇವತ್ತಿನ ಮಂಚದ ಅಂಚು ಬರುತ್ತದೋ, ನಗು ತೆಳುವಾಯಿತು, ಮುಂದಿನ ಸಾಲಿನ ಹೆಂಗಸಿನ ಮೊಣಕಾಲು ಅಲುಗುವುದನ್ನು ನಿಲ್ಲಿಸಿತು, ಮೇಡಂ, ಎಂದು ಶಿವಪುತ್ರನ ದನಿ, ಕಿವಿಯಲ್ಲಿ ರಕ್ತ ಗುಂಯ್‌ಗುಟ್ಟುತ್ತಿದೆ, ಡಾಕ್ಟರ್ ಏನಂದ್ರು ಅಮ್ಮೀ, ಖಾಲಿ ಅಂಗೈ, ಇನ್ನೊಂದು ಖಾಲಿ ಅಂಗೈ, ಅವೆರಡನ್ನೂ ದಾಟಿ ಮೆಲ್ಲನೆ ಮೇಲೇರುತ್ತಿರುವ ಕಣ್ಣು, ಅವಳ ಬಾಯಿಯ ಮೇಲೆ ಬಂದು ನಿಂತ ಅಮ್ಮಿಯ ಕಣ್ಣು, ಬಾಯಿಯ ಮೇಲೆ, ಅಮ್ಮಿಯ ಕಣ್ಣು