ಆಚೆಯೂರಿನ ದೋಣಿಗಳು

ಘಾನಾದ ಆಕ್ಸಿಮ್ ದಂಡೆಯ ಹೆಂಗಸರು ಆ ಊರನ್ನು ಕಂಡುಹಿಡಿದದ್ದು ಹರ್ಮಟ್ಟಾನ್ ಗಾಳಿಯ ದಿನಗಳಲ್ಲಿ. ಆಗ ಮರಳುಗಾಡಿನ ದೂಳು ಇಲ್ಲಿಯವರೆಗೂ ಬಂದು ಕಡಲು ಆಕಾಶಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ದಂಡೆ ಬಿಟ್ಟ ದೋಣಿ ನೀರಿನ ಮೇಲೆ ಹೋಗುತ್ತಿದೆಯೋ ಗಾಳಿಯಲ್ಲಿ ತೇಲುತ್ತಿದೆಯೋ ತಿಳಿಯುವುದಿಲ್ಲ. ಮೀನಿಗೆಂದು ಬುಟ್ಟಿ ಹಿಡಿದು ಬಂದ ಹೆಂಗಸರು ಕಣ್ಣಲ್ಲಿ ದೂಳು ತುಂಬಿಕೊಂಡು ಮೀನುಗಾರರ ಸಂಘದ ಕೋಣೆಯೊಳಗೆ ಕೂರುತ್ತಿದ್ದರು.

ಆ ಕೋಣೆಯ ಗೋಡೆಗೆ ಒಂದು ದೊಡ್ಡ ಪರದೆ. ಅದರ ತುಂಬ ನೀಲಿ ಕಡಲು, ಕಡಲಲ್ಲಿ ಹಳದಿ ಚುಕ್ಕಿಗಳು. ಒಂದೊಂದು ಚುಕ್ಕಿಯೂ ನಮ್ಮ ಒಂದೊಂದು ದೋಣಿ. ಪ್ರತಿ ದೋಣಿಯ ಹಿಂಬದಿಯ ಕೋಲಿಗೆ ಕಟ್ಟಿದ ಪುಟ್ಟ ಪೆಟ್ಟಿಗೆ ತಾನೆಲ್ಲಿದ್ದೇನೆಂದು ಆಗಾಗ ಸಂದೇಶ ಕಳಿಸುತ್ತಿತ್ತು. ಅದನ್ನು ಓದಿ ಚುಕ್ಕಿ ಇಡುವ ಪ್ರೋಗ್ರಾಂ ಬರೆದವಳು ನಮ್ಮೂರಿನವಳೇ, ಅಕುಬಾ ನ್ಯಾಮೆಕೆ. ಟಕೊರಾಡಿ ಪಟ್ಟಣದಲ್ಲಿ ಓದಿ ಬಂದವಳು, ಮಾತು ಕಡಿಮೆ. ಕಡಲಿಗೆ ರಜೆಯಾದ ಮಂಗಳವಾರಗಳಲ್ಲಷ್ಟೇ ಸಂಘಕ್ಕೆ ಬರುತ್ತಿದ್ದಳು.

ಒಂದು ಬೆಳಿಗ್ಗೆ ಯಾಬಾ ಬೇಸರ ಕಳೆಯಲು ಮೇಜಿನ ಮೇಲಿದ್ದ ಮೌಸಿನ ಚಕ್ರ ತಿರುವಿದಳು. ಯಾಬಾ ಎಂದರೆ ದೋಣಿ ನಡೆಸುವ ಕಾಕುವಿನ ಹೆಂಡತಿ, ದಂಡೆಯಲ್ಲೆಲ್ಲ ದೊಡ್ಡ ಬಾಯಿ. ಪರದೆಯ ಮೇಲೆ ದಂಡೆ ಚಿಕ್ಕದಾಗುತ್ತ ಹೋಯಿತು, ಕಡಲು ಹಿಗ್ಗಿತು. ತೆಂಕಣಕ್ಕೆ, ಎಲ್ಲಿಯೂ ನೆಲವೇ ಇಲ್ಲದ ನಡುನೀರಿನಲ್ಲಿ, ಹಳದಿ ಚುಕ್ಕಿಗಳ ಒಂದು ಗೊಂಚಲು ಕಂಡಿತು.

"ಏ, ಇಲ್ನೋಡ್ರೇ! ನಮ್ಮ ಗಂಡಸರು ನಡುನೀರಲ್ಲಿ ಸಂತೆ ಕೂಡಿಸಿದಾರೆ!"

"ಸಂತೆನೋ, ಇನ್ನೊಂದು ಸಂಸಾರಾನೋ? ನಿನ್ನ ಗಂಡನ್ನೇ ಕೇಳು."

"ಅವನಿಗೆಲ್ಲಿದೆ ಅಷ್ಟು ತಾಕತ್ತು! ಈ ಒಂದು ಸಂಸಾರಕ್ಕೇ ಏದುಸಿರು ಬಿಡ್ತಾನೆ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಯಾಬಾ ಚುಕ್ಕಿಗಳ ಪಕ್ಕದ ಹೆಸರುಗಳನ್ನು ಒಂದೊಂದಾಗಿ ಓದುತ್ತ ಹೋದಳು. ‘ಕಡಲು ಬತ್ತದು’ ಎಂದು ಓದಿದ ಮೇಲೆ ಮೌಸಿನಿಂದ ಕೈ ತೆಗೆದಳು.

ಅದು ಕೊವಾಮೆಯ ದೋಣಿ. ಹಿಂದಿನ ಮಳೆಗಾಲದಲ್ಲಿ ಹೋದದ್ದು ಮರಳಿರಲಿಲ್ಲ. ಅವನ ತಾಯಿ ಅಬೆನ್ಲೆಮಾ ಅಲ್ಲೇ ಬಾಗಿಲ ಬಳಿ ಕೂತಿದ್ದಳು. ಮೀನು ಹೊಗೆಗಿಟ್ಟು ಹೊಗೆಗಿಟ್ಟು ಅವಳ ಕಣ್ಣು ಸದಾ ಕೆಂಪು.

"ಇನ್ನೊಂದ್ಸಲ ಓದು," ಎಂದಳು ಮುದುಕಿ.

ಯಾಬಾ ಓದಿದಳು.

"ಹಾಗಾದ್ರೆ ಅಲ್ಲಿದಾನೆ," ಎಂದಳು ಅಬೆನ್ಲೆಮಾ. ಅಷ್ಟೇ.

ಅಂದಿನಿಂದ ಅವಳು ದಿನವೂ ಪರದೆಯ ಮುಂದೆ ಕೂರತೊಡಗಿದಳು. ಆ ಜಾಗಕ್ಕೆ ಆಚೆಯೂರು ಎಂಬ ಹೆಸರು ಬಿತ್ತು. ಅಲ್ಲಿ ಗಾಳಿ ಇಲ್ಲ ಎನ್ನುತ್ತಿದ್ದಳು ಮುದುಕಿ. ನೀರು ಎಣ್ಣೆಯ ಹಾಗೆ ಸುಮ್ಮನೆ ಇರುತ್ತದೆ, ಬೂತಾಯಿ ಮೀನು ತಾನಾಗಿ ಮೇಲೆ ಬರುತ್ತದೆ, ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಅವುಗಳ ಮೇಲೆ ಓಣಿ ಮಾಡಿಕೊಂಡಿದ್ದಾರೆ. ಮೊದಮೊದಲು ನಗುತ್ತಿದ್ದವರು ನಿಧಾನವಾಗಿ ನಗು ನಿಲ್ಲಿಸಿದರು. ಯಾರೋ ಅಲ್ಲೊಂದು ಬಾವಿಯನ್ನು ಸೇರಿಸಿದರು, ಇನ್ಯಾರೋ ಒಂದು ಮಾವಿನ ಮರವನ್ನು. ಬಿಳಿ ಹಗಲುಗಳಲ್ಲಿ, ಕಡಲೇ ಕಾಣದ ಆ ದಿನಗಳಲ್ಲಿ, ಆಚೆಯೂರು ನಮ್ಮ ದಂಡೆಗಿಂತ ನಿಚ್ಚಳವಾಗಿತ್ತು. ಸಂಘದ ಲೆಕ್ಕ ಬರೆಯುವ ನಾನೂ ಎಷ್ಟೋ ಸಲ ಕೆಲಸ ಮರೆತು ಆ ಚುಕ್ಕಿಗಳನ್ನು ನೋಡುತ್ತ ನಿಂತದ್ದುಂಟು. ಅಕುಬಾಳಿಗೆ ಮಾತ್ರ ಯಾರೂ ಹೇಳಲಿಲ್ಲ. ಊರನ್ನು ಮಾಡಿದವಳಿಗೆ ಊರಿನ ಸುದ್ದಿ ಯಾಕೆ ಎಂದಿರಬೇಕು.

ದೂಳು ಬಹಳ ದಟ್ಟವಾದ ಒಂದು ಬೆಳಿಗ್ಗೆ ಎಲ್ಲ ದೋಣಿಗಳೂ ಬಂದವು, ಕಾಕುವಿನ ‘ನಾಳೆಯೂ ಉಂಟು’ ಬರಲಿಲ್ಲ. ಅವನ ಫೋನು ಹತ್ತುತ್ತಿರಲಿಲ್ಲ. ಯಾಬಾ ಓಡಿಬಂದು ಪರದೆ ನೋಡಿದಳು. ಗಂಡನ ಚುಕ್ಕಿ ಆಚೆಯೂರಿನಲ್ಲಿತ್ತು.

ಮೀನುಗಾರರ ಮುಖ್ಯಸ್ಥ ನಾನಾ ಎಬಂಬೆ ಆಳುಗಳನ್ನು ಕೂಗಿ, ದೊಡ್ಡ ದೋಣಿಗಳಿಗೆ ಎಣ್ಣೆಯ ಪೀಪಾಯಿ ಹೇರಿಸತೊಡಗಿದರು. ಪರದೆ ತೋರಿಸುವ ಜಾಗ ಬಹಳ ದೂರ ಎಂದು ಅವರಿಗೂ ಅನ್ನಿಸಿತ್ತು. ಆದರೆ ಯಂತ್ರ ಸುಳ್ಳು ಹೇಳೀತೇ? ಅಕುಬಾಳಿಗೂ ಹೇಳಿಕಳಿಸಿದರು.

ಅಕುಬಾ ಬಂದಾಗ ಅಬೆನ್ಲೆಮಾ ನೀರಿನಂಚಿನಲ್ಲಿ ನಿಂತು, ಹೊರಡುವವರ ಕೈಗೆ ಬಟ್ಟೆಯ ಗಂಟೊಂದನ್ನು ಕೊಡುತ್ತಿದ್ದಳು.

"ಏನಜ್ಜಿ ಅದು?"

"ಹೊಗೆ ಮೀನು, ಸ್ವಲ್ಪ ಮರಗೆಣಸಿನ ಅಚೆಕೆ. ಕೊವಾಮೆಗೆ. ಹೇಗೂ ಅಲ್ಲಿಗೇ ಹೋಗ್ತಿದಾರಲ್ಲ."

"ಎಲ್ಲಿಗೆ?"

"ಆಚೆಯೂರಿಗೆ ಕಣೇ. ನೀನೇ ತೋರಿಸಿಕೊಟ್ಟಿದ್ದೀಯಲ್ಲ!"

ಅಕುಬಾ ಒಳಗೆ ಬಂದು ಪರದೆಯ ಮುಂದೆ ನಿಂತಳು. ಗೊಂಚಲನ್ನು ನೋಡಿದಳು. ಅದರಲ್ಲಿ ‘ಕರುಣೆ’ ಎಂಬ ಹೆಸರೂ ಇತ್ತು. ‘ಕರುಣೆ’ ರಿಪೇರಿಗೆಂದು ಸಂಘದ ಎದುರಿಗೇ ಬೋರಲು ಬಿದ್ದಿತ್ತು, ಅದರ ನೆರಳಲ್ಲಿ ಆಡುಗಳು ಮಲಗಿದ್ದವು. ಅವಳು ಬಾಗಿಲಿಗೆ ಓಡಿ ನಾನಾ ಎಬಂಬೆಯವರನ್ನು ಒಳಗೆ ಕರೆದಳು.

"ನಾನಾ, ಆ ಕಡೆ ಯಾರನ್ನೂ ಕಳಿಸಬೇಡಿ. ಅದು ಜಾಗ ಅಲ್ಲ."

"ಮತ್ತೇನು?"

"ಸೊನ್ನೆ."

ಅವಳು ತಡವರಿಸುತ್ತ ಹೇಳಿದಳು. ಪೆಟ್ಟಿಗೆ ಕಳಿಸುವ ಸಂದೇಶದಲ್ಲಿ ಒಂದೊಂದು ವಿವರಕ್ಕೂ ಒಂದೊಂದು ಗೂಡು: ದೋಣಿಯ ಹೆಸರಿಗೊಂದು, ಹೊತ್ತಿಗೊಂದು, ಜಾಗಕ್ಕೊಂದು. ಗೂಡು ಖಾಲಿ ಇದ್ದರೆ ಪ್ರೋಗ್ರಾಂ ಮುಗ್ಗರಿಸಿ ನಿಂತುಬಿಡುತ್ತಿತ್ತು. ಹಾಗಾಗಬಾರದೆಂದು, ಗೂಡಲ್ಲಿ ಏನೂ ಸಿಗದಿದ್ದರೆ ಸೊನ್ನೆ ಎಂದಿಟ್ಟುಕೋ ಎಂದು ಅವಳು ಬರೆದಿದ್ದಳು. ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ. ಭೂಪಟದಲ್ಲಿ ಆ ಎರಡು ಸೊನ್ನೆಗಳು ಕೂಡುವುದು ನಮ್ಮ ತೆಂಕಣದ ಕಡಲಲ್ಲಿ. ಕೊನೆಯ ಸಂದೇಶದಲ್ಲಿ ಎಲ್ಲಿದ್ದೇನೆಂದು ಹೇಳಲಾಗದ ದೋಣಿಗಳೆಲ್ಲ ಅಲ್ಲಿಗೆ ಹೋಗಿ ಸೇರುತ್ತಿದ್ದವು; ಒಂದರ ಮೇಲೊಂದು ಬೀಳದಂತೆ ಪರದೆ ಅವನ್ನು ಗೊಂಚಲಾಗಿ ಹರಡುತ್ತಿತ್ತು.

"ಹಾಗಾದ್ರೆ ನನ್ನ ಗಂಡ ಎಲ್ಲಿ?" ಯಾಬಾ ಅವಳ ತೋಳು ಹಿಡಿದು ಅಲುಗಿಸಿದಳು. "ನೀನು ಬರೆದದ್ದಲ್ವಾ? ಹೇಳು!"

"ಗೊತ್ತಿಲ್ಲ ಅಕ್ಕಾ."

"ಗೊತ್ತಿಲ್ಲ ಅಂತ ಅವತ್ತೇ ಬರೀಬೇಕಿತ್ತು!"

ಅಕುಬಾ ತಲೆ ತಗ್ಗಿಸಿ ಕೂತು ಕಾಕುವಿನ ಪೆಟ್ಟಿಗೆಯ ಸಂದೇಶಗಳನ್ನೇ ತೆರೆದಳು. ಹೆಸರಿತ್ತು, ಹೊತ್ತಿತ್ತು, ಜಾಗದ ಗೂಡು ಖಾಲಿ. ಕರೆಂಟು ಕೊಡುವ ಬಿಸಿಲ ಹಲಗೆಗೆ ದೂಳು ಕೂತು ಪೆಟ್ಟಿಗೆ ಸೊರಗಿತ್ತು. ಅದಕ್ಕೂ ಹಿಂದಿನದು, ಖಾಲಿ. ಅದಕ್ಕೂ ಹಿಂದಿನದು, ಖಾಲಿ. ಹಿಂದೆ ಹಿಂದೆ ಹೋದಾಗ, ನಿನ್ನೆ ಸಂಜೆಯ ಸಂದೇಶವೊಂದರಲ್ಲಿ ಜಾಗ ಸಿಕ್ಕಿತು: ಅಂಕೋಬ್ರಾ ನದಿ ಕಡಲು ಸೇರುವಲ್ಲಿಂದ ಹೊರಗೆ.

"ಕೊನೆಗೆ ಗೊತ್ತಿರೋದು ಇಷ್ಟೇ. ಆಮೇಲಿಂದು ನನಗೂ ಗೊತ್ತಿಲ್ಲ, ಇದಕ್ಕೂ ಗೊತ್ತಿಲ್ಲ."

ನಾನಾ ಎಬಂಬೆ ಪರದೆಯ ಮೇಲೆ ಬೆರಳಿಟ್ಟು ಮೂಡಣದ ಕಡೆಗೆ ಎಳೆದರು. "ಇಷ್ಟು ಸಾಕು ಮಗಳೇ. ಮೋಟಾರು ಕೆಟ್ಟಿದ್ರೆ ಸೆಳವು ಮೂಡಣಕ್ಕೆ ಎಳೀತದೆ. ಹಿಂದಿನವರು ಹೋಗ್ತಿದ್ದ ಹಾಗೇ ಹೋಗೋಣ," ಎಂದು ದೋಣಿಗಳನ್ನು ತೆಂಕಣಕ್ಕೆ ಬಿಡದೆ, ಮೂಡಣದ ಭೂಶಿರದ ಆಚೆಗೆ ಕಳಿಸಿದರು.

ನಾವೆಲ್ಲ ದಂಡೆಯಲ್ಲೇ ಕೂತೆವು. ಬೆಳ್ಳಗಿನ ಆ ದೂಳಿನೊಳಗೆ ಹೋದ ದೋಣಿಗಳ ಸದ್ದು ಹತ್ತಿಯಲ್ಲಿ ಸುತ್ತಿಟ್ಟಂತೆ ಸಣ್ಣದಾಗಿ, ಇಲ್ಲವಾಯಿತು. ಸೂರ್ಯ ಮಾಸಿದ ತಟ್ಟೆಯಂತೆ ಮೇಲಿದ್ದ. ಹೋದವರು ಆಮೇಲೆ ಹೇಳಿದರು: ಕಾಕುವನ್ನು ಅವರು ಮೊದಲು ಕಾಣಲಿಲ್ಲ, ಕೇಳಿದರು. ದೂಳಿನೊಳಗೆಲ್ಲೋ ಯಾರೋ ಖಾಲಿ ಪೀಪಾಯಿ ಬಡಿಯುತ್ತಿದ್ದರು. ಆ ಸದ್ದಿನ ಹಿಂದೆ ಹೋದರೆ, ಮೋಟಾರು ಸತ್ತ ದೋಣಿಯಲ್ಲಿ ಕಾಕು ಮತ್ತು ಅವನ ಜೊತೆಯವರು ಬಾಯಾರಿ ಕಂಗೆಟ್ಟು ಕೂತಿದ್ದರು.

ಸಂಜೆಗೆ ಕರೆತಂದರು. ಯಾಬಾ ನೀರಿಗಿಳಿದು ಗಂಡನ ಕೊರಳಪಟ್ಟಿ ಹಿಡಿದಳು.

"ಎಲ್ಲಿ ಸತ್ತಿದ್ಯೋ?"

"ನೀರು ಕೊಡೇ ಮೊದ್ಲು. ಸತ್ತಿದ್ದು ಆಮೇಲೆ ಹೇಳ್ತೀನಿ."

ಅವಳು ಅಲ್ಲೇ ಅಲೆಯಲ್ಲಿ ಕೂತು ಅತ್ತಳು.

ಆ ವಾರವೇ ಅಕುಬಾ ಸೊನ್ನೆಯನ್ನು ತೆಗೆದುಹಾಕಿ, ಪ್ರೋಗ್ರಾಂಗೆ ಹೊಸದಾಗಿ ಹೇಳಿಕೊಟ್ಟಳು: ಜಾಗ ಸಿಗದಿದ್ದರೆ ಕೊನೆಗೆ ಕಂಡ ಜಾಗವನ್ನು ಬೂದು ಬಣ್ಣದಲ್ಲಿ ತೋರಿಸು. ಅದೂ ಇಲ್ಲವಾದರೆ ಪಕ್ಕದಲ್ಲಿ ಗೊತ್ತಿಲ್ಲ ಎಂದು ಬರೆ. ಆಚೆಯೂರಿದ್ದಲ್ಲಿ ಬರಿಯ ನೀಲಿ ಉಳಿಯಿತು.

ಅಬೆನ್ಲೆಮಾ ಆ ನೀಲಿಯನ್ನು ತುಂಬ ಹೊತ್ತು ನೋಡಿದಳು. ಅಕುಬಾ ಅವಳ ಕಾಲ ಬಳಿ ನೆಲಕ್ಕೆ ಕೂತಳು.

"ಒಂದೂರನ್ನೇ ಎತ್ತಿಬಿಟ್ಟೆಯಲ್ಲೇ."

"ತಪ್ಪಾಯ್ತಜ್ಜಿ."

"ಬೂದು ಚುಕ್ಕಿ ಇದೆ ಅಂತಲ್ಲ, ನಿಜವಾದ್ದು. ನನ್ನ ಮಗಂದು ಇದೆಯಾ?"

ಇತ್ತು. ದಂಡೆಯಿಂದ ಅಷ್ಟೇನೂ ದೂರವಲ್ಲ, ಕಾಕು ದಿನವೂ ದಾಟುವ ನೀರೇ.

"ಅಲ್ಲಿಗೆ ಕರ್ಕೊಂಡು ಹೋಗು."

ಮೊದಲ ಮಳೆ ಬಿದ್ದು ದೂಳು ತೊಳೆದ ಮೇಲೆ ಹೋದೆವು. ಕಾಕು ದೋಣಿ ನಡೆಸಿದ. ಗಾಳಿ ತಿಳಿಯಾಗಿತ್ತು, ಹಿಂದೆ ದಂಡೆಯ ತೆಂಗುಗಳು ಕಾಣುತ್ತಿದ್ದವು. ಅಕುಬಾ ಫೋನು ನೋಡುತ್ತ ಕೈ ಎತ್ತಿದಳು. ಕಾಕು ಮೋಟಾರು ನಿಲ್ಲಿಸಿದ. ಅಲ್ಲಿ ಏನೂ ಇರಲಿಲ್ಲ. ಅಬೆನ್ಲೆಮಾ ನೀರಿಗೆ ಎಡೆಯಾಗಿ ಶೇಂದಿ ಸುರಿದು ಮಗನ ಹೆಸರು ಹಿಡಿದು ಕರೆದಳು, ಊಟಕ್ಕೆ ಕರೆಯುವ ಹಾಗೆ. ಅಳಲಿಲ್ಲ. ಕೈಯನ್ನು ನೀರಿನಲ್ಲಿ ಬಿಟ್ಟು, ಅದು ಬೆರಳ ನಡುವೆ ಹರಿದುಹೋಗುವುದನ್ನು ನೋಡುತ್ತ ಕೂತಳು.

ತಿರುಗಿ ಬರುವಾಗ ಅವಳಿಗೆ ಅಕುಬಾಳ ತೊಡೆಯ ಮೇಲೆ ನಿದ್ದೆ ಹತ್ತಿತು. ಎಚ್ಚರವಾದೀತೆಂದು ಕಾಕು ದಂಡೆಯವರೆಗೂ ನಿಧಾನವಾಗಿಯೇ ನಡೆಸಿದ.